ಕಲ್ಲಿನ ಹಿಂಬದಿಯ ಸದ್ದು

ಮೂರು ವರ್ಷಗಳ ಹಿಂದೆ, ಫೆಬ್ರವರಿಯ ಒಂದು ಶನಿವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ, ಕಾಪುವಿನಲ್ಲಿ ಕಡಲಿಗೆ ಹೋಗುವ ಒಂದು ರಸ್ತೆಯ ತಿರುವು. ಹಾಜರಿದ್ದವರು ನಾನು, ಶಿರ್ವದ ನಿವೃತ್ತ ಡ್ರಾಯಿಂಗ್ ಮಾಸ್ಟ್ರು ಫೆಲಿಕ್ಸ್, ತಿರುವಿನಲ್ಲೇ ಅಂಗಡಿ ಇಟ್ಟಿರುವ ಅಬ್ಬಾಸ್. ನಾನು ಡ್ರಿಲ್ ಮಾಸ್ಟ್ರಾಗಿದ್ದವನು. ದೆವ್ವದ ಕತೆ ಹೇಳಿ ಸಣ್ಣವರನ್ನು ಹೆದರಿಸುವ ಮಕ್ಕಳನ್ನು ಮೈದಾನಕ್ಕೆ ಒಂದು ಸುತ್ತು ಓಡಿಸುತ್ತಿದ್ದೆ. ಇವತ್ತಾದರೂ ಓಡಿಸಿಯೇನು.

ಅಬ್ಬಾಸನ ಅಂಗಡಿಯ ಪಕ್ಕ ಸೊಂಟದೆತ್ತರದ ಒಂದು ಶಾಸನದ ಕಲ್ಲು ಉಂಟು. ಮೇಲೆ ಸೂರ್ಯ ಚಂದ್ರ, ಕೆಳಗೆ ಸವೆದ ಅಕ್ಷರಗಳು. ಯಾರೂ ಅದನ್ನು ಓದಿ ದಾಖಲಿಸಿರಲಿಲ್ಲ. ಚರಂಡಿ ಕೆಲಸಕ್ಕೆ ಅಡ್ಡವೆಂದು ಆ ದಿನ ಅದನ್ನು ಕಿತ್ತು ಹಾಕುವವರಿದ್ದರು. ಕಿತ್ತ ಕಲ್ಲು ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತು. ಯಾವುದೋ ಅಡಿಪಾಯಕ್ಕೆ. ಅಷ್ಟರೊಳಗೆ ಕಾಗದದ ಮೇಲೆ ಅದರ ಅಕ್ಷರಗಳ ಪಡಿಯಚ್ಚನ್ನಾದರೂ ತೆಗೆಯೋಣವೆಂದು ನಾವು ಹೋಗಿದ್ದೆವು.

ಕಲ್ಲನ್ನು ತೊಳೆದೆವು. ಒದ್ದೆ ಕಾಗದವನ್ನು ಅದರ ಮೇಲೆ ಹರಡಿ ಫೆಲಿಕ್ಸ್ ಹಿಡಿದುಕೊಂಡ. ಕಾಗದ ಅಕ್ಷರದ ಗುಳಿಯೊಳಗೆ ಇಳಿಯಬೇಕಾದರೆ ಬಿರುಸಾದ ಬ್ರಷ್ಷಿನಿಂದ ಒಂದೇ ಸಮನೆ ಬಡಿಯಬೇಕು. ಬಡಿದೆ. ಸ್ವಲ್ಪ ಹೊತ್ತಿನಲ್ಲಿ ಬೇರೊಂದು ಸದ್ದು ಸೇರಿಕೊಂಡಿತು. ಪ್ರತಿಧ್ವನಿ ಎಂದುಕೊಂಡು ಕೈ ನಿಲ್ಲಿಸಿದೆ. ಅದು ನಿಲ್ಲಲಿಲ್ಲ.

ಕಲ್ಲಿಗೆ ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆಯುವ ಸದ್ದು. ಅದರಲ್ಲಿ ನನಗೆ ಅನುಮಾನವಿಲ್ಲ. ಕಾರ್ಕಳದಲ್ಲಿ ನಾನು ಓದಿದ ಶಾಲೆಯ ಗೋಡೆಯಾಚೆ ಶಿಲ್ಪಿಗಳ ಶೆಡ್ಡಿತ್ತು. ಆ ಸದ್ದು ಕೇಳುತ್ತಲೇ ಮಗ್ಗಿ ಕಲಿತವನು ನಾನು. ಕೆಲವು ಏಟು, ಆಮೇಲೆ ಪುಡಿ ಊದಲು ಬೇಕಾಗುವಷ್ಟು ಬಿಡುವು, ಮತ್ತೆ ಏಟು. ಕಲ್ಲಿನ ಹಿಂಬದಿಯಿಂದ ಬರುತ್ತಿತ್ತು. ಹೋಗಿ ನೋಡಿದೆ. ಹುಲ್ಲು, ಒಂದು ಒಡೆದ ಸೋಡಾ ಬಾಟಲಿ. ಕಲ್ಲಿನ ಬೆನ್ನು ಬರಿದು. ಅಂಗೈ ಇಟ್ಟೆ. ಪ್ರತಿ ಏಟೂ ಅಂಗೈಗೆ ತಾಗಿತು. ಆಮೇಲೆ ನಿಂತಿತು. ರಸ್ತೆಯಲ್ಲಿ ಕೆಲಸ ಶುರುವಾಗಿರಲಿಲ್ಲ, ಹತ್ತಿರದಲ್ಲಿ ಮನೆ ಕಟ್ಟುವವರೂ ಇರಲಿಲ್ಲ.

ಫೆಲಿಕ್ಸ್ ಶಿಲುಬೆ ಗುರುತು ಹಾಕಿಕೊಂಡ. ಅಬ್ಬಾಸನ ಬುದ್ಧಿ ಮಾತ್ರ ವ್ಯಾಪಾರದವರ ಹಾಗೆ ಚುರುಕಾಗಿ ಓಡಿತು.

"ಮಾಸ್ಟ್ರೇ, ಚರಂಡಿ ಕೆಲಸದ ಸೂಪರ್‌ವೈಸರ್ ಬಂದ ಕೂಡಲೇ ಇದನ್ನು ಹೇಳಿಬಿಡಿ. ಮತ್ತೆ ಅವನಲ್ಲ, ಅವನ ಅಪ್ಪ ಬಂದರೂ ಮುಟ್ಟುವುದಿಲ್ಲ."

"ಹೇಳುವುದಿಲ್ಲ" ಎಂದೆ.

"ಎಂತ ಮಾರಾಯ, ನಿನಗೆ ಕೇಳಲಿಲ್ವಾ?" ಎಂದ ಫೆಲಿಕ್ಸ್.

"ಕೇಳಿತು. ಆದರೂ ಹೇಳುವುದಿಲ್ಲ."

ಹೇಳಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಮರುದಿನ ಎಣ್ಣೆ, ಕುಂಕುಮ. ಮುಂದಿನ ವರ್ಷ ಕಟ್ಟೆ, ಗ್ರಾನೈಟ್, ಬಾಗಿಲು, ಬೀಗ. ಕಲ್ಲು ಉಳಿದೀತು, ಅದರ ಮಾತು ಎಣ್ಣೆಯ ಜಿಡ್ಡಿನೊಳಗೆ ಮುಚ್ಚಿಹೋದೀತು. ಯಾರೋ ಕಷ್ಟಪಟ್ಟು ಕೆತ್ತಿದ್ದು ಓದಲಿಕ್ಕೆ, ಕೈ ಮುಗಿಯಲಿಕ್ಕಲ್ಲ.

ಅಬ್ಬಾಸನ ಅಂಗಡಿಯ ಪ್ಲಾಸ್ಟಿಕ್ ಕುರ್ಚಿ ತಂದು ಕಲ್ಲಿನ ಮುಂದೆ ಹಾಕಿ ಕುಳಿತೆ. ಸೂಪರ್‌ವೈಸರ್ ಬಂದ. ಮೊದಲು ವಿನಯವಾಗಿ ಹೇಳಿದ, ಆಮೇಲೆ ಪೊಲೀಸರ ಹೆಸರೆತ್ತಿದ. ಕರೆಸು ಎಂದೆ, ಶಾಸನ ಕೀಳಲು ಯಾರ ಅನುಮತಿ ಉಂಟೆಂದು ಅವರೆದುರೇ ಕೇಳುತ್ತೇನೆ ಎಂದೆ. ಒಂದು ಕಲ್ಲಿಗೆ ಇಷ್ಟು ಹಟವಾ ಅಜ್ಜ, ಅದರಲ್ಲಿ ದೈವ ಗಿವ ಉಂಟಾ ಎಂದು ಕೇಳಿದ. ಅಬ್ಬಾಸ್ ನನ್ನ ಮುಖ ನೋಡಿದ. ಒಂದು ಹೂಂ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

"ಇಲ್ಲ. ಅಕ್ಷರ ಉಂಟು" ಎಂದೆ.

ಬಿಸಿಲು ನೆತ್ತಿಗೆ ಬಂತು. ಫೆಲಿಕ್ಸ್ ಕೊಡೆ ಹಿಡಿದು ಪಕ್ಕದಲ್ಲಿ ನಿಂತ. ಸೂಪರ್‌ವೈಸರ್ ಯಾರು ಯಾರಿಗೋ ಫೋನ್ ಮಾಡಿ, ಕೊನೆಗೆ ಚರಂಡಿಯನ್ನು ಕಲ್ಲಿಗೆ ಸುತ್ತು ಹಾಕಿ ಒಯ್ಯಲು ಸುಣ್ಣದ ಗೆರೆ ಎಳೆಸಿದ. ಕಲ್ಲು ಇವತ್ತಿಗೂ ಅಲ್ಲೇ ಉಂಟು. ಯಾರೂ ಕುಂಕುಮ ಹಚ್ಚಿಲ್ಲ. ಆ ಸದ್ದು ಏನೆಂದು ನನಗೆ ಗೊತ್ತಿಲ್ಲ, ಗೊತ್ತಿದೆಯೆಂದು ನಟಿಸುವುದೂ ಇಲ್ಲ. ಈಗ ಬರೆಯುತ್ತಿರುವುದರಿಂದ ಯಾರಾದರೂ ಎಣ್ಣೆ ಹಿಡಿದು ಹೊರಟರೆ, ಕುರ್ಚಿ ಇನ್ನೂ ಅಬ್ಬಾಸನ ಅಂಗಡಿಯಲ್ಲಿದೆ, ನಾನೂ ಇದ್ದೇನೆ.

ಸಂಜೆ ಮನೆಗೆ ಬಂದು, ಒಣಗಿದ ಮೇಲೆ ಕಲ್ಲಿನಿಂದ ಎಬ್ಬಿಸಿ ತಂದಿದ್ದ ಪಡಿಯಚ್ಚನ್ನು ಚಾಪೆಯ ಮೇಲೆ ಬಿಡಿಸಿಟ್ಟೆ. ಬ್ರಷ್ ತೊಳೆದೆ. ತೊಳೆದ ಬ್ರಷ್ಷನ್ನು ಒಗೆಯುವ ಕಲ್ಲಿಗೆ ಬಡಿದು ನೀರು ಉದುರಿಸುವುದು ನನ್ನ ಕ್ರಮ. ಆ ದಿನ ಬಡಿಯಲಿಲ್ಲ. ಕೈಯಿಂದಲೇ ಹಿಂಡಿ ಮೊಳೆಗೆ ತೂಗುಹಾಕಿದೆ.