ಒಂದಾಗಿಹೋದ ಇಬ್ಬರು ಪಾಟೀಲರು

ಶಾರದಾ ಪಾಟೀಲಳ ಹೆಸರನ್ನು ಆ ಪ್ರಬಂಧದಿಂದ ತೆಗೆದವನು ನಾನು. ಗಿರಿಜಾ ಅಲ್ಲ. ತೆಗೆದದ್ದು ಗೊತ್ತಿಲ್ಲದೆ — ಅದು ನಿಜ. ಆದರೆ ಗೊತ್ತಾದ ಮೇಲೂ ಸಮಿತಿಯ ಮುಂದೆ ಕೂತು ಗೊತ್ತಿಲ್ಲ ಎಂದವನು ನಾನೇ. ಮೊದಲನೆಯದು ತಪ್ಪು, ಎರಡನೆಯದು ಸುಳ್ಳು. ಮೂವತ್ತು ವರ್ಷ ಗ್ರಂಥಪಾಲನಾಗಿದ್ದವನು ವರ್ಗೀಕರಣವನ್ನಾದರೂ ಸರಿಯಾಗಿ ಮಾಡಬೇಕು.

ಬಾಗಲಕೋಟೆಯ ಒಂದು ಕಾಲೇಜಿನ ಗ್ರಂಥಾಲಯ ನನ್ನ ಸಾಮ್ರಾಜ್ಯವಾಗಿತ್ತು. ಪುಸ್ತಕಗಳ ಪಟ್ಟಿಯ ಕಾರ್ಡುಗಳಿದ್ದ ಕಪಾಟನ್ನು ಗುಜರಿಯವನು ಹೊತ್ತೊಯ್ದ ದಿನ ನಾನು ರಜೆ ಹಾಕಿ ಮನೆಯಲ್ಲಿ ಕೂತೆ. ಸೂತಕ ಎಂದೇ ತಿಳಿಯಿರಿ. ಆಮೇಲೆ, ಮತಾಂತರವಾದವನ ಹುಮ್ಮಸ್ಸಿನಲ್ಲಿ, ಕಂಪ್ಯೂಟರನ್ನು ಕಲಿತೆ. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಉಲ್ಲೇಖಗಳನ್ನು ನೋಡಿಕೊಳ್ಳುವ ಒಂದು ಸಾಫ್ಟ್‌ವೇರು. ಡೇಟಾಬೇಸಿನಲ್ಲಿ ಬೇಕಾದ ಲೇಖನಗಳಿಗೆ ಗುರುತು ಹಾಕಿ, ಅವುಗಳ ವಿವರವನ್ನು ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ ಇದರ ಹೊಟ್ಟೆಗೆ ಹಾಕಿದರೆ ಸಾಕು. ಪ್ರಬಂಧದ ನಡುವೆ ಲೇಖಕರ ಹೆಸರು ತಾನೇ ಬಂದು ಕೂರುತ್ತದೆ, ಕೊನೆಯ ಗ್ರಂಥಋಣದ ಪಟ್ಟಿ ತಾನೇ ತಯಾರಾಗುತ್ತದೆ. ಈ ವಿದ್ಯೆ ಸುತ್ತಮುತ್ತ ಯಾರಿಗೂ ಬರುತ್ತಿರಲಿಲ್ಲವಾಗಿ ಸಂಶೋಧಕರು ನನ್ನಲ್ಲಿಗೆ ಬರತೊಡಗಿದರು. ನಾನು ಸಣ್ಣಮಟ್ಟದ ದೇವರಾದೆ. ದೇವರಿಗೆ ಯಾರೂ ಲೆಕ್ಕ ಕೇಳುವುದಿಲ್ಲ — ಅಲ್ಲಿಂದಲೇ ಕೆಟ್ಟಿತು.

ಗಿರಿಜಾ ಹುನಗುಂದದಲ್ಲಿ ಅತಿಥಿ ಉಪನ್ಯಾಸಕಿ. ಇಳಕಲ್ಲಿನ ನೇಕಾರ ಕುಟುಂಬಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಶನಿವಾರ ಪಾಠ ಮುಗಿಸಿ, ಬಸ್ಸು ಹಿಡಿದು ನನ್ನ ಗ್ರಂಥಾಲಯಕ್ಕೆ ಬರುವಳು. ಆಕೆಯ ಮೂರನೆಯ ಅಧ್ಯಾಯ ನಿಂತದ್ದು ಕಮತಗಿಯ ಗೆಳತಿ ಶಾರದಾಳ ಒಂದು ಲೇಖನದ ಮೇಲೆ. ನೂಲು ಸುತ್ತಿಕೊಡುವ ಹೆಂಗಸರನ್ನು ಯಾರೂ ನೇಕಾರರೆಂದು ಎಣಿಸುವುದಿಲ್ಲ. ಶಾರದಾ ಮನೆಮನೆಗೆ ಹೋಗಿ, ಜಗಲಿಯ ಮೇಲೆ ಕೂತು, ಅವರ ಕೈ ದಿನಕ್ಕೆ ಎಷ್ಟು ಹೊತ್ತು ದುಡಿಯುತ್ತದೆಂದು ಬರೆದುಕೊಂಡಿದ್ದಳು. ಆ ಕೋಷ್ಟಕಗಳನ್ನು ಗೆಳತಿಗೆ ಸಂತೋಷದಿಂದಲೇ ಕೊಟ್ಟಿದ್ದಳು. ಹೆಸರು ಹಾಕಿದರೆ ಸಾಕು ಎಂದಿದ್ದಳಂತೆ.

ಪ್ರಬಂಧ ಸಲ್ಲಿಸುವ ವಾರ ಪಟ್ಟಿಯಲ್ಲಿ ಅನೇಕ ಕಡೆ ಸಂಪುಟ, ಪುಟಸಂಖ್ಯೆ ಇಲ್ಲದ್ದು ಕಂಡಿತು. ಅದನ್ನು ತುಂಬಲು ನಾನು ಮತ್ತೊಂದು ಡೇಟಾಬೇಸಿನಿಂದ ಎಲ್ಲವನ್ನೂ ಇನ್ನೊಮ್ಮೆ ಎಕ್ಸ್‌ಪೋರ್ಟ್ ಮಾಡಿದೆ. ಸಹಜವಾಗಿಯೇ ಒಂದೊಂದು ಲೇಖನವೂ ಎರಡೆರಡು ಸಲ ಬಂದು ಕೂತಿತು. ಇವು ಒಂದೇ ಇದ್ದಂತಿವೆ, ಕೂಡಿಸಲೇ? — ಎಂದು ಸಾಫ್ಟ್‌ವೇರು ವಿನಯದಿಂದ ಕೇಳಿತು.

"ಸರ, ಒಂದೊಂದ ನೋಡಿ ಕೂಡಸ್ರಿ ಮತ್ತ," ಎಂದಳು ಗಿರಿಜಾ.

"ತಂಗಿ, ಒಂದ ಪುಸ್ತಕದ್ದು ಎರಡ ಕಾರ್ಡ್ ಹಿಡಿಯೂದ್ರಾಗ ನಾ ಮುದುಕ ಆಗೀನಿ. ನೀ ಹೋಗಿ ಚಾ ಕುಡದ ಬಾ."

"ಚಾ ಕುಡದ ಬರೂದ್ರಾಗ ನನ್ನ ಪ್ರಬಂಧ ಇರ್ತೈತೋ ಇಲ್ಲೋರಿ?" ಎಂದು ನಗುತ್ತ ಹೋದಳು.

ಪ್ರತಿವರ್ಷ ಪುಸ್ತಕಗಳ ತಪಾಸಣೆಯಲ್ಲಿ, ಎರಡು ಸಲ ದಾಖಲಾದದ್ದನ್ನು ಹುಡುಕಿ ಕೆಂಪು ಶಾಯಿಯಿಂದ ಹೊಡೆದುಹಾಕುವುದು ನನಗೆ ಹಬ್ಬದ ಊಟದಷ್ಟು ಪ್ರಿಯವಾದ ಕೆಲಸ. ಮೊದಲ ಹತ್ತನ್ನು ನೋಡಿ ಒತ್ತಿದೆ. ಆಮೇಲೆ — ಒತ್ತಿದೆ, ಅಷ್ಟೆ. ಆ ಸಾಲಿನಲ್ಲಿ ಇಬ್ಬರು ಪಾಟೀಲರಿದ್ದರು. ಇನಿಷಿಯಲ್ ಒಂದೇ, ವರ್ಷ ಒಂದೇ. ಲೇಖನದ ಹೆಸರೂ ಹೆಚ್ಚುಕಡಿಮೆ ಒಂದೇ, ಏಕೆಂದರೆ ನಮ್ಮಲ್ಲಿ ಯಾರು ಏನು ಬರೆದರೂ ಕೊನೆಗೆ "ಒಂದು ಅಧ್ಯಯನ" ಎಂದು ಸೇರಿಸದಿದ್ದರೆ ನಿದ್ರೆ ಬರುವುದಿಲ್ಲ. ಒಬ್ಬರು ಧಾರವಾಡದ ಕಡೆಯ ದೊಡ್ಡ ಪ್ರಾಧ್ಯಾಪಕರು, ಹಲವಾರು ಆಯ್ಕೆ ಸಮಿತಿಗಳಲ್ಲಿ ಕೂರುವವರು. ಇನ್ನೊಬ್ಬಳು ಶಾರದಾ. ನನ್ನ ಬೆರಳು ಇಬ್ಬರನ್ನೂ ಒಬ್ಬರನ್ನಾಗಿ ಮಾಡಿತು. ಉಳಿದವರು ದೊಡ್ಡ ಪಾಟೀಲರು.

ಪ್ರಬಂಧದ ಒಳಗೆ "ಪಾಟೀಲ" ಎಂಬ ಹೆಸರು, ಪಕ್ಕದಲ್ಲಿ ವರ್ಷ, ಎರಡೂ ಇದ್ದ ಹಾಗೇ ಇದ್ದವು. ಆದ್ದರಿಂದ ಗಿರಿಜಾಗೆ ಏನೂ ಕಾಣಲಿಲ್ಲ. ಕೊನೆಯ ಪಟ್ಟಿಯಲ್ಲಿ ಮಾತ್ರ, ಶಾರದಾಳ ಕೋಷ್ಟಕಗಳ ಒಡೆತನ ಕಮತಗಿಯ ಜಗಲಿಗಳನ್ನು ಎಂದೂ ಹತ್ತದ ಪ್ರಾಧ್ಯಾಪಕರಿಗೆ ಹೋಗಿತ್ತು.

ಅಚ್ಚಾದ ಪ್ರತಿಯಲ್ಲಿ ಶಾರದಾ ಅದನ್ನು ನೋಡಿದಳು. ನೌಕರಿಯ ಆಸೆಗೆ ಗಿರಿಜಾ ದೊಡ್ಡವರನ್ನು ಓಲೈಸಲು ಗೆಳತಿಯ ಕೆಲಸವನ್ನೇ ಕದ್ದು ಅವರ ಹೆಸರಿಗೆ ಹಚ್ಚಿದ್ದಾಳೆ — ಎಂದು ವಿಶ್ವವಿದ್ಯಾಲಯದ ವಿಭಾಗಕ್ಕೆ ದೂರು ಕೊಟ್ಟಳು. ಅವಳ ಜಾಗದಲ್ಲಿ ಯಾರಿದ್ದರೂ ಹಾಗೇ ತಿಳಿಯುತ್ತಿದ್ದರು. ವಿಚಾರಣೆಗೆ ಒಂದು ಸಮಿತಿ ನೇಮಕವಾಯಿತು.

ಗಿರಿಜಾ ಅವಸರದಿಂದ ಬಂದಳು. "ಸರ, ಮೊದಲ ಇಬ್ರೂ ಇದ್ರಲ್ರಿ? ನೀವ ನೋಡೀರಿ. ಅಷ್ಟ ಹೇಳ್ರಿ, ಸಾಕು." ನೋಡ್ತೇನಿ ಎಂದೆ. ಆಕೆ ಹೋದ ಮೇಲೆ ನೋಡಿದೆ ಕೂಡ. ಎಕ್ಸ್‌ಪೋರ್ಟ್ ಮಾಡಿದ ಹಳೆಯ ಫೈಲು ಕಂಪ್ಯೂಟರಿನಲ್ಲೇ ಇತ್ತು. ಅದರಲ್ಲಿ ಇಬ್ಬರೂ ಪಾಟೀಲರು ಕ್ಷೇಮವಾಗಿದ್ದರು. ಒಂದು ಪುಟ ಮುದ್ರಿಸಿ ಸಮಿತಿಯ ಮೇಜಿನ ಮೇಲೆ ಇಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಂಡು ಸಮಿತಿಗೆ ಹೋದೆ.

"ಈ ಪಟ್ಟಿ ಮಾಡಿದವರು ನೀವೇನ್ರಿ?" ಎಂದು ಅಧ್ಯಕ್ಷರು ಕೇಳಿದರು.

"ನಾ ಬರೇ ಎಕ್ಸ್‌ಪೋರ್ಟ್ ಮಾಡಿ ಕೊಟ್ಟೀನ್ರಿ. ಆಮ್ಯಾಲ ಆಕಿ ಏನ ತಗದ್ಲೋ, ಏನ ಹಾಕಿದ್ಲೋ, ನನಗ ಗೊತ್ತಿಲ್ರಿ."

ಪಕ್ಕದ ಕುರ್ಚಿಯಿಂದ ಗಿರಿಜಾ ಸಣ್ಣ ದನಿಯಲ್ಲಿ, "ಸರ, ಎರಡೆರಡು ಇದ್ದದ್ದು ಕೂಡಿಸಿದವರು ನೀವ ಅಲ್ರಿ?" ಎಂದಳು.

"ಒಂದ ಇದ್ದದ್ದು ಕೂಡಿಸೀನಿ, ತಂಗಿ. ಬ್ಯಾರೆಬ್ಯಾರೆ ಇದ್ದದ್ದು ಕೂಡಸಾಕ ನಾ ಏನ ನಿನ್ನೆ ಸೇರಿದಾಂವೇನು?"

ಅಧ್ಯಕ್ಷರು ನಕ್ಕರು. ನಾನೂ ನಕ್ಕೆ.

ನನ್ನ ನಿವೃತ್ತಿಗೆ ಆಗ ಎರಡು ತಿಂಗಳಿತ್ತು. ಅದು ಕಾರಣವೇ ಹೊರತು — ಬೇಡ, ಅದನ್ನು ಮುಂದುವರಿಸುವುದಿಲ್ಲ. ಪ್ರಬಂಧ ವಾಪಸು ಬಂತು. ಅಧ್ಯಾಯವನ್ನು ಮತ್ತೆ ಬರೆದು ಸಲ್ಲಿಸುವಷ್ಟರಲ್ಲಿ ಕಾಯಂ ಹುದ್ದೆಗೆ ಅರ್ಜಿಯ ಕೊನೆಯ ದಿನ ದಾಟಿತ್ತು. ನನ್ನ ಬೀಳ್ಕೊಡುಗೆಯಲ್ಲಿ ಪ್ರಾಂಶುಪಾಲರು, ಇವರ ಕೈಯಲ್ಲಿ ಒಂದು ಕಾರ್ಡೂ ತಪ್ಪಿಲ್ಲ ಎಂದರು. ನಾನು ಶಾಲು ಹೊದ್ದು, ಹಣ್ಣಿನ ಬುಟ್ಟಿ ಹಿಡಿದು, ಆ ಮಾತಿಗೆ ತಲೆಬಾಗಿ ನಮಸ್ಕಾರ ಮಾಡಿದೆ.

ಈಗ ಬಾದಾಮಿಯಲ್ಲಿದ್ದೇನೆ. ಆರು ವರ್ಷವಾಯಿತು. ಕಳೆದ ತಿಂಗಳು ಇಲ್ಲಿಯ ಕಾಲೇಜಿನವರು ಹೊಸ ಸಂಶೋಧಕರಿಗೆ ಇದೇ ವಿದ್ಯೆ ಹೇಳಿಕೊಡಲು ಕರೆದರು. ಕೂಡಿಸುವ ಗುಂಡಿಯವರೆಗೆ ಬಂದಾಗ ಮುಂದೆ ಕೂತಿದ್ದ ಹುಡುಗಿ, "ಸರ, ಇಲ್ಲಿ ತಪ್ಪಾದ್ರ ಗೊತ್ತಾಗ್ತೈತೇನ್ರಿ?" ಎಂದು ಕೇಳಿದಳು. ಗೊತ್ತಾಗ್ತೈತಿ ಎಂದೆ. ಆ ವಾರವೇ ಹುನಗುಂದಕ್ಕೆ ಹೋದೆ.

ಗಿರಿಜಾ ಇನ್ನೂ ಅತಿಥಿ ಉಪನ್ಯಾಸಕಿಯೇ. ಕಾಲೇಜಿನ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಆಕೆ ಉತ್ತರಪತ್ರಿಕೆಗಳ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿಸಿಕೊಂಡಳು.

"ನನಗ ಗೊತ್ತಿತ್ರಿ, ಸರ."

"ಗೊತ್ತಿದ್ರ ಮತ್ತ ಯಾಕ—"

"ಕೇಳಿದ್ನಲ್ರಿ, ಕಮಿಟಿ ಮುಂದ. ನೀವು ನಕ್ರಿ." ಕಟ್ಟಿನ ದಾರ ಬಿಚ್ಚಿ ಮತ್ತೆ ಕಟ್ಟಿದಳು. "ನಾ ಕದ್ದಿಲ್ಲಂತ ನನಗ ಬಂದು ಹೇಳಿ ಏನ ಮಾಡ್ತೀರಿ? ನನಗ ಗೊತ್ತಿಲ್ದ ಇದ್ದದ್ದೇನ ಅದು? ಶಾರದಾನ ಮುಂದ ಹೇಳ್ರಿ."

ಅದೇ ಮಧ್ಯಾಹ್ನ ಕಮತಗಿಗೆ ಹೋಗಿ ಶಾರದಾಳ ಕೈಗೆ ಹಳೆಯ ಫೈಲಿನ ಮುದ್ರಿತ ಪುಟ ಕೊಟ್ಟೆ. ನಡೆದದ್ದನ್ನು ಹೇಳಿದೆ. ಅವಳು ತನ್ನ ಹೆಸರಿನ ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಬೈಗುಳಕ್ಕೆ ನಾನು ಸಿದ್ಧನಿದ್ದೆ. ಸ್ವಲ್ಪ ಬೈಸಿಕೊಂಡು ಹಗುರಾಗುವ ಆಸೆಯೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಅವಳು ಬೈಯಲಿಲ್ಲ.

"ಆಕಿ ಇಲ್ಲೀತನಕ ಬಂದಿದ್ಲರಿ ಆವಾಗ," ಎಂದಳು. "ಬಿಸಲಾಗ ನಿಂತಿದ್ಲು. ನಾ ಒಳಗ ಕುಂತು, ಮನಿಯಾಗ ಇಲ್ಲಂತ ಹೇಳಿಸಿದೆ."

ಮತ್ತೆ ನನ್ನ ಕಡೆ ನೋಡಲಿಲ್ಲ. ಬಸ್ಸಿನಲ್ಲಿ ಬರುವಾಗ ಹೊಳೆಯಿತು — ನಾನು ಗಿರಿಜಾಗೆ ಮಾತ್ರ ಅನ್ಯಾಯ ಮಾಡಿದ್ದೇನೆಂದು ಲೆಕ್ಕ ಹಾಕಿಕೊಂಡಿದ್ದೆ.

ಮರುದಿನ ವಿಭಾಗಕ್ಕೆ ಪತ್ರ ಬರೆದೆ: ಕೂಡಿಸಿದ್ದು ನಾನು, ಗೊತ್ತಿದ್ದೂ ಸುಳ್ಳು ಹೇಳಿದ್ದು ನಾನು, ಇದನ್ನು ಗಿರಿಜಾಳ ಕಡತದಲ್ಲಿ ಸೇರಿಸಬೇಕು. ಪೂರ್ತಿ ಹೆಸರು ಬರೆದು ಸಹಿ ಮಾಡಿ, ಫೈಲಿನ ಪ್ರತಿಯನ್ನೂ ಲಗತ್ತಿಸಿದೆ. ಉತ್ತರ ಬಂದಿಲ್ಲ. ಬರುವವರೆಗೆ ತಿಂಗಳಿಗೊಂದು ಪತ್ರ ಬರೆಯುತ್ತೇನೆ. ಗೆಳತಿಯರಿಬ್ಬರೂ ಮಾತಾಡಿದರೋ ಇಲ್ಲವೋ ನನಗೆ ತಿಳಿಯದು, ಮತ್ತು ಅದನ್ನು ಕೇಳಲು ಅವರ ಬಾಗಿಲಿಗೆ ನಾನು ಹೋಗುವುದಿಲ್ಲ.