ಬಾಳವ್ವನಿಗೆ ಬಿಟ್ಟ ಜಾಗ

ಕಳೆದ ವರ್ಷದ ಬೇಸಿಗೆ. ರಾಯಚೂರಿನ ನನ್ನ ರೆಕಾರ್ಡಿಂಗ್ ಸ್ಟುಡಿಯೋ ಮುಚ್ಚಿಬಿಡಬೇಕೆಂದು ಆಗಲೇ ತೀರ್ಮಾನಿಸಿದ್ದೆ. ಮೂವತ್ತು ವರ್ಷ ಭಕ್ತಿಗೀತೆ, ಚುನಾವಣೆ ಪ್ರಚಾರ, ಬಟ್ಟೆ ಅಂಗಡಿ ಜಾಹೀರಾತು ಕೇಳಿ ಕೇಳಿ ಕಿವಿ ಸೋತಿದ್ದವು. ಮನೆಯಲ್ಲಿ ಫ್ಯಾನ್ ಕಿರುಗುಟ್ಟಿದರೂ ಸಿಡುಕುತ್ತಿದ್ದೆ. ಅಂಥ ಹೊತ್ತಿನಲ್ಲಿ ಹೈದರಾಬಾದಿನಿಂದ ಒಂದು ಬ್ಯಾಂಡ್ ಬಂತು.

ಅವರದು ಸೈಕೆಡೆಲಿಕ್ ರಾಕ್. ಗಿಟಾರಿನ ನಾದವನ್ನು ಎಳೆದು, ತಿರುಚಿ, ಪ್ರತಿಧ್ವನಿ ಸೇರಿಸಿ ಅರೆನಿದ್ದೆಯಲ್ಲಿ ಕೇಳಿದಂತೆ ಮಾಡುವ ಸಂಗೀತ. ಹೊಸ ಆಲ್ಬಮ್‌ಗೆ ಫಂಕ್ ಬೆರೆಸಿದ್ದರು; ಅಂದರೆ ಮಂದ್ರ ಸ್ವರದ ಬೇಸ್ ಗಿಟಾರೇ ಮುಂದೆ ನಿಂತು ಕಾಲು ಕುಣಿಸುವ ನಡೆ. ಆಫ್ರಿಕಾದ ಗಿಟಾರ್ ವರಸೆ, ಟರ್ಕಿಯ ತಂತಿವಾದ್ಯ ಎಲ್ಲ ಕೂಡಿಸಿಕೊಂಡೇ ಬಂದಿದ್ದರು. ಇನ್ನು ಬೇಕಿದ್ದದ್ದು ನಮ್ಮ ಕಡೆ ಎಲ್ಲಮ್ಮನ ಮೇಲೆ ಹಾಡುವ ಚೌಡಿಕೆ ಪದ. ಗಿಟಾರ್ ನುಡಿಸುವ ಕಾರ್ತಿಕನ ತಾಯಿಯ ತವರು ಮಾನ್ವಿ. ಚಿಕ್ಕಂದಿನಲ್ಲಿ ಅಲ್ಲಿ ಕೇಳಿದ ಚೌಡಿಕೆಯ ಒಂಟಿ ತಂತಿಯ ನಾದ ಅವನ ತಲೆಯಿಂದ ಹೋಗಿರಲಿಲ್ಲ. ನನ್ನ ತಲಿ ತಿನ್ನಾಕ ಎಲ್ಲಿಂದ ಬಂದರೋ ಎಂದುಕೊಳ್ಳುತ್ತಲೇ ಮೈಕ್ ಜೋಡಿಸಿದೆ.

ಹಾಡಲು ನೀರಮಾನ್ವಿಯಿಂದ ದುರುಗವ್ವ ಬಂದರು. ಎಲ್ಲಮ್ಮನ ಪದ ಹಾಡುತ್ತಲೇ ಅರವತ್ತು ದಾಟಿದವರು. ಒಬ್ಬರೇ ಬಂದದ್ದು ನೋಡಿ ನನಗೆ ಪೆಚ್ಚಾಯಿತು. ಚೌಡಿಕೆ ಪದ ಒಬ್ಬರಿಂದ ಆಗುವುದಲ್ಲ. ಮುಂದಿನವರು ಸಾಲು ಹಾಡಿ ನಿಲ್ಲಿಸಿದರೆ, ಹಿಂದಿನವರು ಅದರ ತುದಿ ಹಿಡಿದು ಮೇಲಕ್ಕೆತ್ತಬೇಕು. ದುರುಗವ್ವನ ಹಿಂದೆ ಹಾಗೆ ಹಾಡುತ್ತಿದ್ದವರು ಜಾಲಹಳ್ಳಿಯ ಬಾಳವ್ವ. ಗಂಟಲಿನ ಆಪರೇಷನ್ ಆದ ಮೇಲೆ ಅವರ ಧ್ವನಿ ಒಡೆದುಹೋಗಿತ್ತು. ಹಾಡುವುದಿರಲಿ, ನಾಲ್ಕು ಜನರ ಮುಂದೆ ಮಾತಾಡುವುದನ್ನೂ ಬಿಟ್ಟಿದ್ದರಂತೆ.

ದುರುಗವ್ವ ಹಾಡಿದರು. ಪ್ರತಿ ಸಾಲಿನ ಕೊನೆಗೆ ನಿಂತು, ಬರೀ ಚೌಡಿಕೆ ಮಿಡಿಯುತ್ತ, ಅಲ್ಲಿಲ್ಲದ ಗೆಳತಿಗಾಗಿ ಕಾದು, ಆಮೇಲೆ ಮುಂದಿನ ಸಾಲಿಗೆ ಹೋದರು. ರೆಕಾರ್ಡಿಂಗ್ ಚೆನ್ನಾಗಿ ಬಂದಿತ್ತು. ಕಾರ್ತಿಕನಿಗೆ ಮಾತ್ರ ಆ ಖಾಲಿ ಜಾಗಗಳು ಹಿಡಿಸಲಿಲ್ಲ.

"ಅಂಕಲ್, ಇವರ ಧ್ವನೀನ ಕಾಪಿ ಮಾಡಿ ಅಲ್ಲಿ ಹಾಕ್ರಿ," ಎಂದ.

ಒಂದು ಟ್ರ್ಯಾಕಿನ ಧ್ವನಿಯನ್ನು ಇನ್ನೊಂದಕ್ಕೆ ಹಾಕಿ, ಶ್ರುತಿ ಚೂರು ಬದಲಿಸಿದರೆ ಬೇರೆ ಹೆಂಗಸು ಹಾಡಿದಂತೆಯೇ ಕೇಳುತ್ತದೆ. ಚಹಾ ಆರುವುದರೊಳಗೆ ಮುಗಿಯುವ ಕೆಲಸ. ಮಾಡಿ ಕೇಳಿಸಿದೆ. ದುರುಗವ್ವ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು.

"ಯಪ್ಪಾ, ಇದನ್ನ ತಗೀರಿ. ಬಾಳವ್ವ ಇನ್ನಾ ಬದುಕ್ಯಾಳ. ಆಕಿ ಜಾಗದಾಗ ನಾ ಹೆಂಗ ಕುಂದರ್ಲಿ?"

"ಕೇಳೋರಿಗೆ ಗೊತ್ತಾಗಂಗಿಲ್ಲ ಯವ್ವಾ," ಎಂದ ಕಾರ್ತಿಕ್.

"ಆಕಿಗೆ ಗೊತ್ತಾಗ್ತದಲ್ಲ. ಮೊದಲೇ ಮೂಲಿ ಹಿಡದು ಕುಂತಾಳ. ಇದನ್ನ ಕೇಳಿದ್ರ ತನ್ನ ಕಾಲ ಮುಗೀತಂತ ತಿಳ್ಕೊಂತಾಳ. ಆಕಿ ಜಾಗ ಹಂಗ ಬಿಡ್ರಿ. ಇಲ್ಲಾಂದ್ರ ನನ್ನ ಪದಾನೂ ಬ್ಯಾಡ."

ಕಾರ್ತಿಕ್ ನನ್ನ ಮುಖ ನೋಡಿದ. ಸದ್ದು ತುಂಬುವುದೇ ನನ್ನ ಜೀವಮಾನದ ಕಸುಬು, ತುಂಬಿ ತುಂಬಿ ಸಾಕಾಗಿತ್ತು. "ಬಿಡೋಣಪಾ. ನಿನ್ನ ಗಿಟಾರೂ ಅಲ್ಲಿ ಬ್ಯಾಡ," ಎಂದೆ. ಅವನು ಮುನಿಸಿಕೊಂಡ, ಹೊರಗೆ ಹೋಗಿ ಬಿಸಿಲಿನಲ್ಲಿ ಅಡ್ಡಾಡಿ ಬಂದ. ಕೊನೆಗೆ ಆ ಜಾಗಗಳಲ್ಲಿ ಬೇಸ್ ಮತ್ತು ಚೌಡಿಕೆ ಎರಡೇ ಉಳಿದವು.

ಮಳೆಗಾಲ ಕಳೆದ ಮೇಲೆ ಆಲ್ಬಮ್ ಹೊರಬಂತು. ದುರುಗವ್ವ ಬಿಡಲೇ ಇಲ್ಲ, ನನ್ನನ್ನೂ ಬಸ್ಸು ಹತ್ತಿಸಿಕೊಂಡು ಜಾಲಹಳ್ಳಿಗೆ ಹೊರಟರು. ಬಾಳವ್ವ ಕೊರಳಿಗೆ ಸೆರಗು ಸುತ್ತಿಕೊಂಡು ಗೋಡೆಗೆ ಒರಗಿದ್ದರು. ಫೋನಿನಲ್ಲಿ ಹಾಡು ಹಚ್ಚಿದೆ. ಗಿಟಾರ್ ಎದ್ದಾಗ ದುರುಗವ್ವ, "ನೋಡ್ಬೇ, ಕುದುರಿ ಕೆನದಂಗ ಕೆನಿತೈತಿ," ಎಂದು ಕೆಣಕಿದರು. ಬಾಳವ್ವ ನಗಲಿಲ್ಲ.

ಪದದ ಮೊದಲ ಸಾಲು ಬಂತು. ಅದರ ಹಿಂದೆ ಖಾಲಿ ಜಾಗವೂ ಬಂದು ಹೋಯಿತು. ಎರಡನೆಯದು ಬಂದಾಗ ಬಾಳವ್ವ ತಲೆ ಎತ್ತಿ ಗೆಳತಿಯನ್ನು ನೋಡಿದರು. ಮೂರನೆಯದಕ್ಕೆ ಸೆರಗಿನ ಹಿಂದಿನಿಂದ ಒಡೆದ, ಗೊಗ್ಗರು ಧ್ವನಿಯೊಂದು ಎದ್ದು ಸಾಲಿನ ತುದಿ ಹಿಡಿಯಿತು. ಶ್ರುತಿ ಇರಲಿಲ್ಲ.

ಸ್ಟುಡಿಯೋ ಈಗ ಮುಚ್ಚಿದ್ದೇನೆ. ದಣಿವು ಹೋಗಿಲ್ಲ, ಹೋಗುವುದೂ ಇಲ್ಲ. ಎಲ್ಲಿ ಕೈ ಹಾಕಬಾರದು ಎಂಬುದೂ ನನ್ನ ಕೆಲಸದ ಪಾಲೇ ಎಂದು ತಿಳಿದದ್ದು ಇಷ್ಟು ತಡವಾಗಿ. ಅಂದು ಜಾಲಹಳ್ಳಿಯಲ್ಲಿ ಹಾಡು ಮುಗಿದಾಗ ಫೋನು ಎತ್ತಿಕೊಳ್ಳಲು ಹೋದೆ. ಬಾಳವ್ವ ನನ್ನ ಕೈ ತಡೆದರು.

"ಇನ್ನೊಮ್ಮಿ ಹಚ್ರಿ," ಎಂದರು. "ಮೊದಲಿನ ಎರಡು ನಂದು ತಪ್ಪಿದ್ವು."