ಗೆದ್ದಲು ಮುಟ್ಟದ ಎಲೆಪೆಟ್ಟಿಗೆ

ರಾಮಾಂಜಿನಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಬಡಗಿ. ನಾನು ಅದೇ ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದೆ. ವಿದೇಶದಿಂದ ಬಂದ ಯಂತ್ರಗಳ ಪೆಟ್ಟಿಗೆ ಒಡೆದಾಗ ನೇರ ಹಲಗೆಗಳು ಮತ್ತೆ ಕೆಲಸಕ್ಕೆ ಹೋಗುತ್ತಿದ್ದವು. ಗಂಟು, ಬಿರುಕು, ಮೊಳೆತೂತು ಇದ್ದವನ್ನು ಗೇಟ್‌ಪಾಸ್ ಬರೆಸಿಕೊಂಡು ಅವನು ರಾಜಗೋಪಾಲನಗರದ ಮನೆಗೆ ಒಯ್ಯುತ್ತಿದ್ದ. ಭಾನುವಾರ ಅದರಲ್ಲಿ ಎಲೆಅಡಿಕೆ ಇಡುವ ಪುಟ್ಟ ಪೆಟ್ಟಿಗೆ ಮಾಡುತ್ತಿದ್ದ. ಮೊಳೆತೂತನ್ನು ಮರೆಮಾಡುವುದು ಅವನ ರೀತಿಯಲ್ಲ. ಅದನ್ನು ಇನ್ನಷ್ಟು ಕೊರೆದು, ಬೀಟೆಯ ಚೂರು ತುಂಬಿ, ಸುತ್ತ ದಳ ಕೆತ್ತುತ್ತಿದ್ದ. ಗಂಟಿದ್ದಲ್ಲಿ ನವಿಲಿನ ಕಣ್ಣು ಬರುತ್ತಿತ್ತು.

೧೯೮೨ರ ಮಳೆಗಾಲದಲ್ಲಿ ನನಗೊಂದು ಪೆಟ್ಟಿಗೆ ತಂದುಕೊಟ್ಟ. ಮರಕ್ಕೆ ತಿಳಿಹಸಿರು ಛಾಯೆಯಿತ್ತು.

"ಬಣ್ಣ ಬಳಿದಿಲ್ಲ ಮೇಡಂ, ಮರದ್ದೇ. ಒಂದು ವರ್ಸ ಶೆಡ್ ಹಿಂದೆ ಮಣ್ಣಲ್ಲಿ ಬಿದ್ದಿತ್ತು. ಒಂದು ಗೆದ್ಲು ಮುಟ್ಟಿಲ್ಲ ನೋಡಿ!"

ಅಷ್ಟು ಮೆತ್ತನೆಯ ಮರವನ್ನು ಗೆದ್ದಲು ಬಿಟ್ಟಿತೆಂದರೆ ಕಾರಣವಿರಬೇಕು. ಸ್ವಲ್ಪ ಹೆರೆದು ಪರೀಕ್ಷಿಸಿದೆ. ಮಧ್ಯಾಹ್ನಕ್ಕೆ ಮುಂಚೆ ಅವನನ್ನು ಕರೆಸಿ, ಹುಳ ಹತ್ತದಿರಲೆಂದು ಹಲಗೆಗೆ ಪಾಷಾಣ, ಅಂದರೆ ಆರ್ಸೆನಿಕ್ ವಿಷ, ಕುಡಿಸಿದ್ದಾರೆ ಎಂದು ಹೇಳಿದೆ.

"ಒಳಗಡೆ ಪಾಲಿಶ್ ಆಕಿಲ್ಲ ಮೇಡಂ."

"ಯಾವುದರ ಒಳಗೆ?"

ಇಂಥದೇ ಇನ್ನೊಂದು ಪೆಟ್ಟಿಗೆ ಜಿಗಣಿಯಲ್ಲಿತ್ತು. ಮಗಳು ಬೈರಮ್ಮ ಎಂಟು ದಿನದ ಹಿಂದೆ ಗಂಡನ ಮನೆಯಲ್ಲೇ ಎರಡನೆಯ ಮಗುವನ್ನು ಹೆತ್ತಿದ್ದಳು. ಬಾಣಂತಿ ಊಟವಾದ ಮೇಲೆ ಎಲೆಅಡಿಕೆ ಹಾಕಿಕೊಳ್ಳಬೇಕಲ್ಲ, ಅದಕ್ಕೆಂದು ಮರುದಿನವೇ ಕಳಿಸಿದ್ದ. ಪಾಲಿಶ್ ವಾಸನೆ ಎಲೆಗೆ ಹತ್ತುತ್ತದೆಂದು ಒಳಮೈಯನ್ನು ಬರಿಮರವಾಗಿ ಬಿಟ್ಟಿದ್ದ. ಒದ್ದೆ ಬಟ್ಟೆ ಸುತ್ತಿದ ಎಲೆ ದಿನವಿಡೀ ಅದರಲ್ಲಿರುತ್ತದೆ.

"ಮಗ ಆಲು ಕುಡೀತದೆ ಮೇಡಂ. ಏನಾಯ್ತದೆ?"

ಎಲೆಗೆ ಎಷ್ಟು ಇಳಿದಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದೇ ಹೇಳಿದೆ. ವಾಂತಿ, ಭೇದಿ, ಬೆರಳು ಜೋಮು ಹಿಡಿಯುವುದು, ಕೆಲವು ವಾರಗಳ ನಂತರ ಉಗುರಿನ ಮೇಲೆ ಅಡ್ಡ ಬಿಳಿಗೆರೆ, ಇಷ್ಟನ್ನು ಗಮನಿಸಬೇಕು ಎಂದೆ. ರಜೆ ಬರೆಸಿ ಕಳಿಸಿದೆ.

ಮುಂದಿನದು ಅವನೇ ನನಗೆ ಹೇಳಿದ್ದು. ಬಸ್ಸಿನಲ್ಲಿ ಮುಂದಿನ ಸೀಟಿನ ಕೂಸು ಅಳುತ್ತಿತ್ತು. ಅದು ಅಳು ನಿಲ್ಲಿಸಿದಾಗ ಅವನಿಗೆ ಇನ್ನೂ ಹೆದರಿಕೆಯಾಯಿತು. ಜಿಗಣಿಯಲ್ಲಿ ಬೀದಿ ತಿರುಗುವಾಗ, ಮನೆಯ ಮುಂದೆ ಜನ ನಿಂತಿದ್ದಾರೆಯೇ ಎಂದು ನೋಡಿದ. ಯಾರೂ ಇರಲಿಲ್ಲ. ಅದಕ್ಕೂ ಹೆದರಿದ.

ಬೀಗಿತ್ತಿ ಪಿಳ್ಳಮ್ಮ ಜಗಲಿಯಲ್ಲಿ ಕೂತಿದ್ದಳು.

"ಮಗ ಎಂಗೈತೆ?"

"ಮಲಗೈತೆ. ಬರಿಗೈಲಿ ಬಂದ್ರಾ ಬೀಗ್ರೇ?"

"ಆ ಪೆಟ್ಟಿಗೆ ವಾಪಸ್ ಬೇಕಿತ್ತು."

"ಪುರುಡು ಕಳೆಯೋಗಂಟ ಬಾಣಂತಿ ಮನೆಯಿಂದ ಕಡ್ಡೀನೂ ಆಚೆಗೋಗಲ್ಲ. ಮಗಳಿಗೆ ಕೊಟ್ಟಿದ್ನ ವಾಪಸ್ ಕೇಳೋ ಅಪ್ಪನ್ನ ಇವತ್ತೇ ಕಣ್ರೀ ನಾನು ನೋಡಿದ್ದು!"

ವಿಷ ಎಂದರೆ ಆ ಮನೆಯಲ್ಲಿ ಮಗಳ ಬಾಳು ಕೆಟ್ಟಂತೆ. ಅನ್ನದಿದ್ದರೆ ಮಗುವಿನ ಗತಿ? ಅವನು ಅಂದುಬಿಟ್ಟ.

"ಆ ಮರದಲ್ಲಿ ಇಸ ಐತಂತೆ. ನಂಗೂ ಗೊತ್ತಿರ್ಲಿಲ್ಲ. ಬೈರಿ ಎಷ್ಟು ಎಲೆ ತಿಂದವ್ಳೆ?"

ಅಗಿಯುತ್ತಿದ್ದ ಪಿಳ್ಳಮ್ಮನ ದವಡೆ ನಿಂತಿತು. ಆಗ ಅವನು ಅವಳ ಕೆಂಪು ಬಾಯಿ ನೋಡಿದ.

"ಅವ್ಳಿಗೆಲ್ಲಿ ಕೊಟ್ಟೆ? ಅಷ್ಟು ಚೆಂದದ್ದು ಬಾಣಂತಿ ಕ್ವಾಣೆಗ್ಯಾಕೆ ಅಂತ ನಾನೇ ಇಟ್ಕಂಡೆ," ಎಂದು ಅಂಗಳಕ್ಕೆ ಉಗಿದಳು. ಪೆಟ್ಟಿಗೆ ಅವಳ ತೊಡೆಯ ಪಕ್ಕದಲ್ಲೇ, ಸೆರಗಿನ ಕೆಳಗಿತ್ತು.

ಡಾಕ್ಟರು ಪಿಳ್ಳಮ್ಮನನ್ನು ನೋಡಿ, ಈಗ ಏನೂ ಹೇಳಲಾಗದು, ಉಗುರು ಗಮನಿಸುತ್ತ ಕಾದು ನೋಡಬೇಕು ಎಂದರು. ಸುಡಬೇಡ, ಬೂದಿಯಲ್ಲೂ ವಿಷ ಉಳಿಯುತ್ತದೆ ಎಂದು ನಾನು ಹೇಳಿದ್ದರಿಂದ ಅವನು ಪೆಟ್ಟಿಗೆಯನ್ನು ಗೋಣಿಯಲ್ಲಿ ಸುತ್ತಿ ತಂದು ನನಗೊಪ್ಪಿಸಿದ. ಮತ್ತೆ ಪೆಟ್ಟಿಗೆ ಮಾಡಲಿಲ್ಲ.

ಪ್ರತಿ ಭಾನುವಾರ ಜಿಗಣಿಗೆ ಹೋಗುತ್ತಿದ್ದ. ಮೊಮ್ಮಗುವನ್ನು ಎತ್ತಿಕೊಳ್ಳುವ ಮೊದಲು ಬೀಗಿತ್ತಿಯ ಉಗುರು ನೋಡುತ್ತಿದ್ದ.

"ಬೀಗ್ರೇ, ಇನ್ನೂ ಬದುಕಿವ್ನಿ. ಮಕ ನೋಡಿ ಮಾತಾಡಿ," ಎಂದು ಗದರಿಸಿ ಅವಳು ಕೈಯನ್ನು ಸೆರಗಿನೊಳಗೆ ಸರಿಸಿಕೊಳ್ಳುತ್ತಿದ್ದಳಂತೆ. ಆದರೆ ದಿನಾ ಬೆಳಿಗ್ಗೆ ಬಾಗಿಲಿಗೆ ಬಂದು, ಹತ್ತೂ ಬೆರಳನ್ನು ಬಿಸಿಲಿಗೆ ಹಿಡಿದು ನೋಡಿಕೊಳ್ಳುತ್ತಾಳೆ ಎಂದು ಬೈರಮ್ಮ ಅಪ್ಪನಿಗೆ ಹೇಳಿದ್ದಳು.